ಹದಿನೆಂಟು ತುಂಬಿದ ಮೇಲೆ ಎಲ್ಲಿಗೆ?

2024ರ ಗಣರಾಜ್ಯೋತ್ಸವದ ಸಂದರ್ಭದಲ್ಲಿ ಪ್ರಕಟವಾದ ಪದ್ಮಶ್ರೀ ಪಟ್ಟಿಯ ಸಮಾಜಸೇವೆ ವಿಭಾಗದಲ್ಲಿ ಮಹಾರಾಷ್ಟ್ರದ ಒಬ್ಬ ಹಿರಿಯರ ಹೆಸರಿತ್ತು: ಶಂಕರ ಬಾಬಾ ಪುಂಡಲೀಕರಾವ್ ಪಾಪಳ್ಕರ್. ನಮ್ಮ ಕಡೆ ಆ ಹೆಸರನ್ನು ಕೇಳಿದವರು ಕಡಿಮೆ. ಅಮರಾವತಿ ಜಿಲ್ಲೆಯಲ್ಲಿ, ಸಾತ್ಪುರ ಬೆಟ್ಟಸಾಲಿನ ಬುಡದಲ್ಲಿರುವ ಪರತವಾಡಾ ಪಟ್ಟಣದ ಹತ್ತಿರ ವಝ್ಝರ್ ಎಂಬ ಹಳ್ಳಿಯಿದೆ. ಅಲ್ಲಿ ಅವರು ಮೂರು ದಶಕಗಳಿಂದ ಒಂದು ಮನೆಯನ್ನು ನಡೆಸುತ್ತಿದ್ದಾರೆ. ಅದು ತಂದೆ ತಾಯಿ ಇಲ್ಲದ, ಜೊತೆಗೆ ಬುದ್ಧಿಯ ಬೆಳವಣಿಗೆ ಕುಂಠಿತವಾದ, ಮಾತು ಬಾರದ, ಕಿವಿ ಕೇಳದ ಅಥವಾ ಕಣ್ಣು ಕಾಣದ ಮಕ್ಕಳ ಮನೆ. ಅಂಥ 123 ಮಕ್ಕಳಿಗೆ ಅವರು ತಂದೆಯಾದರು.

ಅನಾಥ ಮಕ್ಕಳ ಬಗ್ಗೆ ನಮಗೆ ಗೊತ್ತಿದೆ. ಯತೀಂಖಾನಾಗಳನ್ನು ನಾವೆಲ್ಲ ನೋಡಿದ್ದೇವೆ. ವಿಶೇಷ ಮಕ್ಕಳ ಶಾಲೆಗಳೂ ನಮ್ಮ ಊರುಗಳಲ್ಲಿವೆ. ಆದರೆ ಒಂದೇ ಮಗುವಿನ ಪಾಲಿಗೆ ಈ ಎರಡೂ ಬಂದರೆ ಏನಾಗುತ್ತದೆ? ಆ ಮಗುವನ್ನು ಯಾರು ನೋಡಿಕೊಳ್ಳುತ್ತಾರೆ, ಕಾನೂನು ಏನು ಹೇಳುತ್ತದೆ, ಹದಿನೆಂಟು ವರ್ಷ ತುಂಬಿದ ಮೇಲೆ ಅದು ಎಲ್ಲಿಗೆ ಹೋಗುತ್ತದೆ? ಈ ಪ್ರಶ್ನೆಗಳನ್ನು ವಝ್ಝರ್‌ನ ಉದಾಹರಣೆ ಇಟ್ಟುಕೊಂಡು ತಿಳಿದುಕೊಳ್ಳೋಣ.

ಮೊದಲು, ಬೌದ್ಧಿಕ ವಿಕಲತೆ ಎಂದರೇನು?

ಹಿಂದೆ ಬುದ್ಧಿಮಾಂದ್ಯತೆ ಎನ್ನುತ್ತಿದ್ದುದನ್ನು ಈಗ ಬೌದ್ಧಿಕ ವಿಕಲತೆ ಎನ್ನುತ್ತಾರೆ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ಪಟ್ಟಿ ಮಾಡಿರುವ 21 ಬಗೆಯ ಅಂಗವೈಕಲ್ಯಗಳಲ್ಲಿ ಇದೂ ಒಂದು. ಕಾಯ್ದೆಯ ಪ್ರಕಾರ ಇದಕ್ಕೆ ಎರಡು ಲಕ್ಷಣಗಳು ಇರಬೇಕು. ಒಂದು, ಕಲಿಯುವ, ತರ್ಕಿಸುವ, ಸಮಸ್ಯೆ ಬಿಡಿಸುವ ಶಕ್ತಿಯಲ್ಲಿ ಗಣನೀಯ ಕೊರತೆ. ಎರಡು, ದಿನನಿತ್ಯದ ಬದುಕಿಗೆ ಬೇಕಾದ ಕೌಶಲಗಳಲ್ಲಿ ಕೊರತೆ. ಅಂದರೆ ಸ್ನಾನ, ಊಟ, ಬಟ್ಟೆ ತೊಡುವುದು, ಹಣ ಎಣಿಸುವುದು, ರಸ್ತೆ ದಾಟುವುದು, ಇನ್ನೊಬ್ಬರ ಜೊತೆ ವ್ಯವಹರಿಸುವುದು. ಐಕ್ಯೂ ಪರೀಕ್ಷೆಯಲ್ಲಿ ಸುಮಾರು 70ಕ್ಕಿಂತ ಕಡಿಮೆ ಬಂದರೆ ವೈದ್ಯರು ಈ ದಿಕ್ಕಿನಲ್ಲಿ ಯೋಚಿಸುತ್ತಾರೆ. ಆದರೆ ಆ ಒಂದು ಅಂಕಿಯಿಂದಲೇ ತೀರ್ಮಾನಕ್ಕೆ ಬರುವುದಿಲ್ಲ.

ಇದು ಮಾನಸಿಕ ಕಾಯಿಲೆ ಅಲ್ಲ. ಈ ಎರಡನ್ನೂ ಒಂದೇ ಎಂದುಕೊಳ್ಳುವವರು ಬಹಳ ಮಂದಿ. ಮಾನಸಿಕ ಕಾಯಿಲೆ ಯಾವ ವಯಸ್ಸಿನಲ್ಲೂ, ಎಷ್ಟೇ ಬುದ್ಧಿವಂತರಿಗೂ ಬರಬಹುದು. ಔಷಧದಿಂದ ಹತೋಟಿಗೆ ಬರಬಹುದು. ಬೌದ್ಧಿಕ ವಿಕಲತೆ ಬೆಳವಣಿಗೆಯ ವಯಸ್ಸಿನಲ್ಲೇ ಕಾಣಿಸಿಕೊಳ್ಳುತ್ತದೆ. ಅದನ್ನು ವಾಸಿ ಮಾಡುವ ಮಾತ್ರೆ ಇಲ್ಲ, ಆದರೆ ತರಬೇತಿಯಿಂದ ಆ ಮಗುವಿನ ಬದುಕು ಬಹಳಷ್ಟು ಬದಲಾಗುತ್ತದೆ. 2011ರ ಜನಗಣತಿಯಲ್ಲಿ ದೇಶದ 2.68 ಕೋಟಿ ಅಂಗವಿಕಲರ ಪೈಕಿ ಸುಮಾರು 15 ಲಕ್ಷ ಮಂದಿಯನ್ನು ಈ ವರ್ಗದಲ್ಲಿ ಎಣಿಸಲಾಗಿತ್ತು.

ಕಾರಣಗಳು ಹಲವು. ದ್ವಿತೀಯ ಪಿಯುಸಿ ಜೀವಶಾಸ್ತ್ರ ಓದುವವರಿಗೆ ಡೌನ್ ಸಿಂಡ್ರೋಮ್ ಗೊತ್ತಿದೆ: 21ನೇ ವರ್ಣತಂತು ಎರಡರ ಬದಲು ಮೂರು ಇರುವುದು. ಅದೇ ಪಾಠದಲ್ಲಿ ಬರುವ ಫಿನೈಲ್‌ಕೀಟೋನ್ಯೂರಿಯಾ ಇನ್ನೊಂದು ಕಾರಣ. ಹೆರಿಗೆಯ ವೇಳೆ ಮಗುವಿನ ಮೆದುಳಿಗೆ ಆಮ್ಲಜನಕ ಸಿಗದಿರುವುದು, ಗರ್ಭಿಣಿಗೆ ರುಬೆಲ್ಲಾ ಸೋಂಕು, ಮಗುವಿಗೆ ಮೆದುಳುಜ್ವರ, ಹುಟ್ಟಿನಿಂದಲೇ ಥೈರಾಯ್ಡ್ ಕೊರತೆ, ತಾಯಿಯ ಆಹಾರದಲ್ಲಿ ಅಯೋಡಿನ್ ಇಲ್ಲದಿರುವುದು ಇವೆಲ್ಲ ಕಾರಣವಾಗಬಲ್ಲವು. ಇವುಗಳಲ್ಲಿ ಕೆಲವನ್ನು ತಡೆಯಬಹುದು. ಅಯೋಡಿನ್ ಬೆರೆಸಿದ ಉಪ್ಪು, ರುಬೆಲ್ಲಾ ಲಸಿಕೆ, ನವಜಾತ ಶಿಶುವಿನ ಥೈರಾಯ್ಡ್ ಪರೀಕ್ಷೆ ಇವು ಸಣ್ಣ ಸಂಗತಿಗಳಂತೆ ಕಂಡರೂ ಒಂದು ಮಗುವಿನ ಇಡೀ ಬದುಕನ್ನು ಉಳಿಸುತ್ತವೆ. ಹಲವು ಮಕ್ಕಳಲ್ಲಿ ಎಷ್ಟು ಪರೀಕ್ಷೆ ಮಾಡಿದರೂ ಕಾರಣ ಗೊತ್ತಾಗುವುದಿಲ್ಲ. ಶಾಪ, ಪಾಪ, ಗ್ರಹಣ, ಮಾಟ ಇವು ಯಾವುವೂ ಕಾರಣ ಅಲ್ಲ ಎಂಬುದು ಮಾತ್ರ ಖಚಿತ.

ವಾರಸುದಾರರಿಲ್ಲದವರು

ವಝ್ಝರ್‌ನ ಸಂಸ್ಥೆಗೆ ಅಂಬಾದಾಸಪಂತ ವೈದ್ಯ ಎಂಬವರ ಹೆಸರಿದೆ. ಆ ಹೆಸರಿನ ಜೊತೆ ಮರಾಠಿಯ ಮೂರು ಪದಗಳು ಸೇರಿವೆ: ಮತಿಮಂದ, ಮೂಕಬಧಿರ, ಬೇವಾರಸ್. ಮೂರನೆಯ ಪದ ನಮಗೆ ಅಪರಿಚಿತವಲ್ಲ. ವಾರಿಸ್ ಎಂದರೆ ಹಕ್ಕುದಾರ. ಅದರ ಹಿಂದೆ ಪಾರಸಿಯ ‘ಬೇ’ ಸೇರಿದರೆ ವಾರಸುದಾರರೇ ಇಲ್ಲದವನು. ಜಗಳ ಬಂದಾಗ ನಮ್ಮ ಊರಿನಲ್ಲಿ ಎಷ್ಟು ಸುಲಭವಾಗಿ ‘ಬೇವರ್ಸಿ’ ಎಂದು ಬೈಯುತ್ತಾರೆ! ನಾವು ಬೈಗುಳ ಮಾಡಿಕೊಂಡ ಈ ಪದ ಮೂಲದಲ್ಲಿ ಯಾರೂ ದಿಕ್ಕಿಲ್ಲದ ಒಬ್ಬ ಮನುಷ್ಯನ ಸ್ಥಿತಿಯನ್ನು ಹೇಳುತ್ತದೆ.

ಆ ಮಕ್ಕಳು ಹೇಗೆ ಬಂದವರು? ರೈಲು ನಿಲ್ದಾಣಗಳಲ್ಲಿ, ಬಸ್ ನಿಲ್ದಾಣಗಳಲ್ಲಿ, ಯಾತ್ರಾಸ್ಥಳಗಳಲ್ಲಿ, ಕಸದ ತೊಟ್ಟಿಗಳ ಬಳಿ ಪೊಲೀಸರಿಗೆ ಸಿಕ್ಕವರು. ಮುಂಬೈ, ಪುಣೆ, ನಾಗಪುರದಂಥ ದೊಡ್ಡ ನಗರಗಳಿಂದ ಈ ಪುಟ್ಟ ಹಳ್ಳಿಗೆ ಕಳುಹಿಸಲ್ಪಟ್ಟವರು. ಕೆಲವರಿಗೆ ತಮ್ಮ ಹೆಸರು ಹೇಳಲು ಬರುತ್ತಿರಲಿಲ್ಲ. ತಪ್ಪಿಸಿಕೊಂಡು ಬಂದ ಸಾಮಾನ್ಯ ಮಗು ಅಪ್ಪನ ಹೆಸರನ್ನೋ ಊರಿನ ಹೆಸರನ್ನೋ ಹೇಳುತ್ತದೆ, ಪೊಲೀಸರು ಮನೆ ಹುಡುಕುತ್ತಾರೆ. ಮಾತೇ ಬಾರದ ಮಗುವಿನ ವಿಷಯದಲ್ಲಿ ಆ ದಾರಿ ಮೊದಲ ಹೆಜ್ಜೆಯಲ್ಲೇ ಮುಚ್ಚಿಹೋಗುತ್ತದೆ. ಮಗು ನಿಜಕ್ಕೂ ತ್ಯಜಿಸಲ್ಪಟ್ಟದ್ದೋ ಅಥವಾ ಜಾತ್ರೆಯಲ್ಲಿ ಕೈತಪ್ಪಿದ್ದೋ ಎಂದು ತಿಳಿಯುವುದೂ ಕಷ್ಟ.

ಬಿಟ್ಟುಹೋದ ತಂದೆ ತಾಯಿಯನ್ನು ಕ್ರೂರಿಗಳು ಎಂದು ಕರೆದು ಸುಮ್ಮನಾಗುವುದು ಸುಲಭ. ಆದರೆ ದಿನಗೂಲಿ ಮಾಡುವ ತಾಯಿಯೊಬ್ಬಳನ್ನು ನೆನೆಸಿಕೊಳ್ಳಿ. ಇಡೀ ದಿನ ಜೊತೆಯಲ್ಲಿ ಒಬ್ಬರು ಇರಲೇಬೇಕಾದ ಮಗುವನ್ನು ಬಿಟ್ಟು ಕೆಲಸಕ್ಕೆ ಹೋದರೆ ಮಗು ಉಳಿಯುವುದಿಲ್ಲ, ಹೋಗದಿದ್ದರೆ ಮನೆ ಉಳಿಯುವುದಿಲ್ಲ. ಇಂಥ ಸ್ಥಿತಿಗೂ ಕಾನೂನಿನಲ್ಲಿ ಒಂದು ಗೌರವದ ದಾರಿ ಇದೆ ಎಂಬುದು ಬಹಳ ಜನರಿಗೆ ತಿಳಿದಿಲ್ಲ. ದೈಹಿಕ, ಮಾನಸಿಕ ಅಥವಾ ಸಾಮಾಜಿಕ ಕಾರಣಗಳಿಂದ ಮಗುವನ್ನು ಸಾಕಲು ಸಾಧ್ಯವೇ ಇಲ್ಲದ ಪೋಷಕರು ಮಕ್ಕಳ ಕಲ್ಯಾಣ ಸಮಿತಿಯ ಮುಂದೆ ಬಂದು ಮಗುವನ್ನು ಒಪ್ಪಿಸಬಹುದು. ಸಮಿತಿ ಅವರ ಜೊತೆ ಮಾತನಾಡಿ, ಮನಸ್ಸು ಬದಲಿಸಲು ಎರಡು ತಿಂಗಳ ಕಾಲಾವಕಾಶ ಕೊಡುತ್ತದೆ. ರಾತ್ರೋರಾತ್ರಿ ಪ್ಲಾಟ್‌ಫಾರಂನಲ್ಲಿ ಬಿಟ್ಟುಹೋಗುವುದಕ್ಕೂ ಇದಕ್ಕೂ ಅಜಗಜಾಂತರ.

ಕಾನೂನಿನ ಹಾದಿ

2015ರ ಬಾಲನ್ಯಾಯ ಕಾಯ್ದೆ ಅನಾಥ ಎಂಬ ಪದಕ್ಕೆ ವಿಶಾಲ ಅರ್ಥ ಕೊಡುತ್ತದೆ. ತಂದೆ ತಾಯಿ ಅಥವಾ ಕಾನೂನುಬದ್ಧ ಪೋಷಕರು ಇಲ್ಲದ ಮಗು ಮಾತ್ರವಲ್ಲ, ಪೋಷಕರಿದ್ದರೂ ನೋಡಿಕೊಳ್ಳಲು ಅವರಿಗೆ ಮನಸ್ಸಿಲ್ಲದ ಅಥವಾ ಶಕ್ತಿಯಿಲ್ಲದ ಮಗುವೂ ಕಾಯ್ದೆಯ ಕಣ್ಣಿನಲ್ಲಿ ಅನಾಥವೇ. ಅಂಥ ಮಗು ಯಾರಿಗೆ ಸಿಕ್ಕರೂ 24 ಗಂಟೆಗಳ ಒಳಗೆ (ಪ್ರಯಾಣದ ಸಮಯ ಬಿಟ್ಟು) ಜಿಲ್ಲೆಯ ಮಕ್ಕಳ ಕಲ್ಯಾಣ ಸಮಿತಿಯ ಮುಂದೆ ಹಾಜರುಪಡಿಸಬೇಕು. ಸಮಿತಿ ವಿಚಾರಣೆ ನಡೆಸಿ, ಮನೆಯವರನ್ನು ಹುಡುಕುವ ಪ್ರಯತ್ನ ಮಾಡಿ, ಯಾರೂ ಸಿಗದಿದ್ದರೆ ಮಗು ದತ್ತು ಪಡೆಯಲು ಮುಕ್ತವಾಗಿದೆ ಎಂದು ಘೋಷಿಸುತ್ತದೆ. ಎರಡು ವರ್ಷದೊಳಗಿನ ಮಗುವಾದರೆ ಇದು ಎರಡು ತಿಂಗಳಲ್ಲಿ, ಅದಕ್ಕಿಂತ ದೊಡ್ಡದಾದರೆ ನಾಲ್ಕು ತಿಂಗಳಲ್ಲಿ ಮುಗಿಯಬೇಕು.

ಆದರೆ ಬೌದ್ಧಿಕ ವಿಕಲತೆಯ ಮಗುವನ್ನು ದತ್ತು ಪಡೆಯಲು ಮುಂದೆ ಬರುವವರು ವಿರಳ. ಆರೋಗ್ಯವಂತ ಶಿಶುವಿಗಾಗಿ ದಂಪತಿಗಳು ವರ್ಷಗಟ್ಟಲೆ ಸಾಲಿನಲ್ಲಿ ಕಾಯುತ್ತಾರೆ. ಇತ್ತ ಈ ಮಕ್ಕಳು ಬಾಲಮಂದಿರಗಳಲ್ಲಿ ಯಾರೂ ಬಾರದೆ ದೊಡ್ಡವರಾಗುತ್ತಾರೆ. ದತ್ತು ಬಿಟ್ಟು ಇನ್ನೊಂದು ದಾರಿ ಪೋಷಕತ್ವ. ಮಗುವಿಗೆ ಹುಟ್ಟಿನ ಗುರುತು ಹಾಗೆಯೇ ಉಳಿಯುತ್ತದೆ. ಒಂದು ಕುಟುಂಬ ಅದನ್ನು ತನ್ನ ಮನೆಯಲ್ಲಿ ಇಟ್ಟುಕೊಂಡು ಸಾಕುತ್ತದೆ. ನಮ್ಮಲ್ಲಿ ಕಫಾಲಾ ಎಂದು ಕರೆಯುವ ಪದ್ಧತಿಗೆ ಇದು ಹತ್ತಿರ. ಇನ್ನು ಬಾಲನ್ಯಾಯ ಕಾಯ್ದೆಯಡಿ ದತ್ತು ಪಡೆಯುವ ಅವಕಾಶ ಯಾವುದೇ ಧರ್ಮದ ವ್ಯಕ್ತಿಗೂ ಇದೆ, ಅದು ಕಡ್ಡಾಯವಲ್ಲ, ಇಚ್ಛೆಗೆ ಬಿಟ್ಟದ್ದು ಎಂದು ಶಬನಂ ಹಶ್ಮಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2014ರಲ್ಲಿ ಸ್ಪಷ್ಟಪಡಿಸಿದೆ.

ಮನೆಯಲ್ಲಿ ನಡೆಯುವ ಕೆಲಸ

ಇಂಥ ಮಕ್ಕಳ ಮನೆಯಲ್ಲಿ ಊಟ, ಬಟ್ಟೆ, ಹಾಸಿಗೆ ಕೊಟ್ಟರೆ ಸಾಕು ಎಂದು ಹೊರಗಿನವರಿಗೆ ಅನಿಸುತ್ತದೆ. ನಿಜವಾದ ಕೆಲಸ ಅಲ್ಲಿಂದ ಶುರುವಾಗುತ್ತದೆ.

ಹಲ್ಲುಜ್ಜುವುದನ್ನೇ ತೆಗೆದುಕೊಳ್ಳಿ. ನಮಗೆ ಅದು ಒಂದು ಕೆಲಸ. ವಿಶೇಷ ಶಿಕ್ಷಕರಿಗೆ ಅದು ಹತ್ತು ಹನ್ನೆರಡು ಕೆಲಸ: ಬ್ರಷ್ ಹಿಡಿಯುವುದು, ಪೇಸ್ಟಿನ ಮುಚ್ಚಳ ತಿರುಗಿಸುವುದು, ಅಳತೆಯಷ್ಟು ಹಚ್ಚುವುದು, ಬಾಯಿಗೆ ಇಡುವುದು, ಉಜ್ಜುವುದು, ನುಂಗದೆ ಉಗುಳುವುದು, ಬಾಯಿ ಮುಕ್ಕಳಿಸುವುದು. ಒಂದೊಂದು ಹೆಜ್ಜೆಯನ್ನೂ ಬೇರೆ ಬೇರೆಯಾಗಿ, ಮೊದಲು ಕೈ ಹಿಡಿದು, ಆಮೇಲೆ ತೋರಿಸಿ, ಆಮೇಲೆ ಬರೀ ಮಾತಿನಲ್ಲಿ ಹೇಳಿ ಕಲಿಸುತ್ತಾರೆ. ಒಂದು ಹೆಜ್ಜೆ ಕಲಿಯಲು ವಾರಗಳು, ಕೆಲವೊಮ್ಮೆ ತಿಂಗಳುಗಳು ಬೇಕಾಗಬಹುದು. ಶೌಚಾಲಯ ಬಳಸುವುದು, ಗುಂಡಿ ಹಾಕುವುದು, ತುತ್ತು ಕಲಸಿ ತಿನ್ನುವುದು ಎಲ್ಲವೂ ಹೀಗೆಯೇ. ಹೆಣ್ಣುಮಕ್ಕಳಿಗೆ ಮುಟ್ಟಿನ ಸಮಯದ ಶುಚಿತ್ವ ಕಲಿಸಬೇಕು. ಯಾರು ಮುಟ್ಟಬಹುದು, ಯಾರು ಮುಟ್ಟಬಾರದು ಎಂಬುದನ್ನು ಪ್ರತಿಯೊಂದು ಮಗುವಿಗೂ ಕಲಿಸಬೇಕು. ನಡೆದದ್ದನ್ನು ಹೇಳಲಾಗದ ಮಗು ದೌರ್ಜನ್ಯಕ್ಕೆ ಸುಲಭದ ಗುರಿ. ಆದ್ದರಿಂದ ಹೊರಗಿನವರ ಓಡಾಟದ ಮೇಲೆ ನಿಗಾ ಇಡುವುದು ಒಳ್ಳೆಯ ಸಂಸ್ಥೆಯ ಮೊದಲ ಲಕ್ಷಣ.

ಆರೋಗ್ಯದ ಕೆಲಸ ಬೇರೆ ಇದೆ. ಈ ಮಕ್ಕಳಲ್ಲಿ ಮೂರ್ಛೆರೋಗ ಸಾಮಾನ್ಯ ಮಕ್ಕಳಿಗಿಂತ ಹೆಚ್ಚು. ಮಾತ್ರೆ ಒಂದು ಹೊತ್ತು ತಪ್ಪಿದರೂ ಫಿಟ್ಸ್ ಬರಬಹುದು. ಡೌನ್ ಸಿಂಡ್ರೋಮ್ ಇರುವ ಹಲವು ಮಕ್ಕಳಿಗೆ ಹೃದಯದ ತೊಂದರೆಯೂ ಇರುತ್ತದೆ. ಸೆರೆಬ್ರಲ್ ಪಾಲ್ಸಿ ಇರುವ ಮಗುವನ್ನು ಮಲಗಿಸಿ ಊಟ ಮಾಡಿಸಿದರೆ ಅನ್ನ ಶ್ವಾಸನಾಳಕ್ಕೆ ಹೋಗುವ ಅಪಾಯವಿದೆ. ಸರಿಯಾಗಿ ಕೂರಿಸಿ ತಿನ್ನಿಸಲು ತರಬೇತಿ ಬೇಕು. ಮಲಗಿದಲ್ಲೇ ಇರುವವರನ್ನು ಆಗಾಗ ಹೊರಳಿಸದಿದ್ದರೆ ಬೆನ್ನಿನಲ್ಲಿ ಹುಣ್ಣಾಗುತ್ತದೆ. ಹೊಟ್ಟೆನೋವು ಎಂದು ಹೇಳಲು ಬಾರದ ಮಗು ಗೋಡೆಗೆ ತಲೆ ಚಚ್ಚಿಕೊಳ್ಳಬಹುದು. ಅದನ್ನು ಹಟ ಎಂದುಕೊಳ್ಳದೆ ನೋವು ಎಂದು ಗುರುತಿಸಲು ಆ ಮಗುವನ್ನು ದಿನವೂ ನೋಡುವ ಒಬ್ಬರು ಬೇಕು.

ಆ ಕೊನೆಯ ಮಾತು ಎಲ್ಲಕ್ಕಿಂತ ಮುಖ್ಯ. ರೊಮೇನಿಯಾ ದೇಶದಲ್ಲಿ 1989ರಲ್ಲಿ ಸರ್ವಾಧಿಕಾರಿ ಚೌಸೆಸ್ಕು ಪತನವಾದಾಗ ಲಕ್ಷಕ್ಕೂ ಹೆಚ್ಚು ಮಕ್ಕಳು ಸರ್ಕಾರಿ ಅನಾಥಾಲಯಗಳಲ್ಲಿದ್ದುದು ಜಗತ್ತಿಗೆ ಗೊತ್ತಾಯಿತು. ಅಲ್ಲಿನ ರಾಜಧಾನಿ ಬುಕಾರೆಸ್ಟ್‌ನಲ್ಲಿ 2000ದಲ್ಲಿ ಒಂದು ಅಧ್ಯಯನ ಆರಂಭವಾಯಿತು. ಸಂಸ್ಥೆಗಳಲ್ಲಿದ್ದ 136 ಪುಟ್ಟ ಮಕ್ಕಳಲ್ಲಿ ಅರ್ಧದಷ್ಟು ಮಂದಿಯನ್ನು ಚೀಟಿ ಎತ್ತಿದಂತೆ ಆರಿಸಿ ಸಾಕು ಕುಟುಂಬಗಳಿಗೆ ಕೊಡಲಾಯಿತು. ಕುಟುಂಬ ಸಿಕ್ಕ ಮಕ್ಕಳ ಬುದ್ಧಿಶಕ್ತಿ ಸಂಸ್ಥೆಯಲ್ಲೇ ಉಳಿದವರಿಗಿಂತ ಚೆನ್ನಾಗಿ ಬೆಳೆಯಿತು. ಎರಡು ವರ್ಷ ತುಂಬುವ ಮೊದಲೇ ಮನೆ ಸೇರಿದವರಿಗೆ ಹೆಚ್ಚು ಲಾಭವಾಯಿತು. ಅಲ್ಲಿನ ಸಂಸ್ಥೆಗಳಲ್ಲಿ ಹಾಲು, ಹಾಸಿಗೆ ಇದ್ದವು. ಹೆಸರು ಹಿಡಿದು ಕರೆಯುವ, ಅತ್ತಾಗ ಎತ್ತಿಕೊಳ್ಳುವ ಒಬ್ಬ ಖಾಯಂ ಮನುಷ್ಯ ಇರಲಿಲ್ಲ. ಅಂದರೆ ಪ್ರೀತಿಯಿಂದ ಮಾತನಾಡಿಸುವವರು ಇಲ್ಲದಿದ್ದರೆ ಆರೋಗ್ಯವಂತ ಮಗುವಿನ ಮೆದುಳೂ ಹಿಂದುಳಿಯುತ್ತದೆ. ಮೊದಲೇ ವಿಕಲತೆ ಇರುವ ಮಗುವಿನ ಗತಿ ಏನಾಗಬೇಡ?

ಒಂದು ಅಡ್ಡಹೆಸರಿನ ಬೆಲೆ

ಪಾಪಳ್ಕರ್ ಅವರು ಮಾಡಿದ ಒಂದು ಕೆಲಸ ಈ ದೃಷ್ಟಿಯಿಂದ ಗಮನಾರ್ಹ. ತಮ್ಮಲ್ಲಿಗೆ ಬಂದ ಮಕ್ಕಳಿಗೆ ಅವರು ತಮ್ಮ ಅಡ್ಡಹೆಸರನ್ನೇ ಕೊಟ್ಟರು. ದಾಖಲೆಗಳಲ್ಲಿ ತಂದೆಯ ಹೆಸರಿನ ಜಾಗದಲ್ಲಿ ತಮ್ಮ ಹೆಸರನ್ನು ಬರೆಸಿದರು.

ಇದು ಬರೀ ಭಾವನೆಯ ಸಂಗತಿ ಅಲ್ಲ. ತಂದೆಯ ಹೆಸರು, ಹುಟ್ಟಿದ ದಿನ, ವಿಳಾಸ ಈ ಮೂರೂ ಇಲ್ಲದ ವ್ಯಕ್ತಿಗೆ ಆಧಾರ್ ಮಾಡಿಸುವುದು ಎಷ್ಟು ಕಷ್ಟ ಎಂದು ಯೋಚಿಸಿ. ಆಧಾರ್ ಇಲ್ಲದೆ ಅಂಗವಿಕಲರ ಯುಡಿಐಡಿ ಕಾರ್ಡ್ ಕಷ್ಟ. ಆ ಕಾರ್ಡ್ ಇಲ್ಲದೆ ಮಾಸಾಶನ, ವಿಮೆ, ಬಸ್ ರಿಯಾಯಿತಿ ಕಷ್ಟ. ಬ್ಯಾಂಕ್ ಖಾತೆ ಇಲ್ಲದಿದ್ದರೆ ಮಂಜೂರಾದ ಹಣ ಬರುವುದೆಲ್ಲಿಗೆ? ಸರಪಳಿಯ ಮೊದಲ ಕೊಂಡಿ ಒಂದು ಹೆಸರು.

ಪಾಪಳ್ಕರ್ ಮೊದಲು ಪತ್ರಕರ್ತರಾಗಿದ್ದವರು. ಕಸಬರಿಗೆ ಹಿಡಿದು ಊರೂರು ಗುಡಿಸುತ್ತ ಜನರಿಗೆ ಬುದ್ಧಿ ಹೇಳಿದ, ಅಮರಾವತಿ ಜಿಲ್ಲೆಯವರೇ ಆದ ಸಂತ ಗಾಡ್ಗೆ ಮಹಾರಾಜರ ವಿಚಾರಗಳಿಂದ ಪ್ರಭಾವಿತರು. ವಝ್ಝರ್‌ನ ಬರಡು ಗುಡ್ಡದಲ್ಲಿ ಮಕ್ಕಳ ಕೈಯಿಂದಲೇ ಸಾವಿರಾರು ಗಿಡಗಳನ್ನು ನೆಡಿಸಿ ಬೆಳೆಸಿದರು. ಗಿಡಕ್ಕೆ ದಿನವೂ ನೀರು ಹಾಕುವುದು ಎಂಬ ಒಂದೇ ಕೆಲಸವನ್ನು ತಪ್ಪದೆ ಮಾಡುವುದರಲ್ಲಿ ಈ ಮಕ್ಕಳು ಯಾರಿಗೂ ಕಡಿಮೆಯಲ್ಲ. ಕೆಲಸ ಮಗುವಿಗೆ ಹೊಂದಬೇಕು, ಆಗ ಮಗುವೂ ಕೆಲಸಕ್ಕೆ ಹೊಂದುತ್ತದೆ.

ಅಲ್ಲಿ ಬೆಳೆದ ಹಲವರಿಗೆ ಮದುವೆಯೂ ಆಗಿದೆ. 2020ರ ಡಿಸೆಂಬರ್‌ನಲ್ಲಿ ನಾಗಪುರದಲ್ಲಿ ಅಲ್ಲಿನ ಮಾತು ಬಾರದ, ಕಿವಿ ಕೇಳದ ಯುವತಿಯ ಮದುವೆ ನಡೆದಾಗ ಕನ್ಯಾದಾನ ಮಾಡಿದವರು ಆಗ ಮಹಾರಾಷ್ಟ್ರದ ಗೃಹ ಸಚಿವರಾಗಿದ್ದ ಅನಿಲ್ ದೇಶಮುಖ್. 2024ರಲ್ಲಿ ಅಲ್ಲಿಯೇ ಬೆಳೆದ ದೃಷ್ಟಿಹೀನ ಯುವತಿಯೊಬ್ಬರು ಮಹಾರಾಷ್ಟ್ರ ಲೋಕಸೇವಾ ಆಯೋಗದ ಪರೀಕ್ಷೆ ಪಾಸು ಮಾಡಿದರು. ಶಿಶುವಾಗಿದ್ದಾಗ ಅವರು ಸಿಕ್ಕಿದ್ದು ಕಸದ ತೊಟ್ಟಿಯಲ್ಲಿ.

ಈ ಸುದ್ದಿಗಳನ್ನು ಓದಿ ಸಂತೋಷಪಡಬೇಕು. ಜೊತೆಗೆ ಇನ್ನೊಂದನ್ನೂ ನೆನಪಿಡಬೇಕು. ಕಿವುಡುತನ, ಕುರುಡುತನ ಇದ್ದವರಿಗೆ ಸರಿಯಾದ ಸೌಲಭ್ಯ ಸಿಕ್ಕರೆ ಪರೀಕ್ಷೆ, ನೌಕರಿ, ಸಂಸಾರ ಎಲ್ಲವೂ ಸಾಧ್ಯ. ತೀವ್ರ ಬೌದ್ಧಿಕ ವಿಕಲತೆ ಇದ್ದವರು ಎಂದೂ ಯಾವ ಪರೀಕ್ಷೆಯನ್ನೂ ಬರೆಯುವುದಿಲ್ಲ, ಪತ್ರಿಕೆಯಲ್ಲಿ ಅವರ ಸುದ್ದಿ ಬರುವುದಿಲ್ಲ. ಮೂವತ್ತನೇ ವಯಸ್ಸಿನಲ್ಲಿ ತನ್ನ ತಟ್ಟೆಯನ್ನು ತಾನೇ ತೊಳೆಯಲು ಕಲಿತದ್ದು ಅವರ ಸಾಧನೆ. ಒಂದು ಸಂಸ್ಥೆಯ ಬೆಲೆಯನ್ನು ಪಾಸಾದವರಿಂದ ಅಳೆದರೆ ಸಾಲದು, ಎಂದೂ ಪಾಸಾಗದವರನ್ನು ಅದು ಹೇಗೆ ನೋಡಿಕೊಂಡಿತು ಎಂಬುದರಿಂದಲೂ ಅಳೆಯಬೇಕು.

ಹದಿನೆಂಟರ ಗಡಿ

ಈಗ ಶೀರ್ಷಿಕೆಯ ಪ್ರಶ್ನೆಗೆ ಬರೋಣ. ಬಾಲನ್ಯಾಯ ಕಾಯ್ದೆಯಲ್ಲಿ ಮಗು ಎಂದರೆ 18 ವರ್ಷ ತುಂಬದವರು. ಆ ಬಳಿಕ ಬಾಲಗೃಹದಿಂದ ಹೊರಗೆ ಹೋಗಬೇಕು. ಹೊರಹೋಗುವವರಿಗೆ ನೆಲೆ ಕಂಡುಕೊಳ್ಳಲು ಸಹಾಯ ಮಾಡುವ ಅನುಪಾಲನಾ ವ್ಯವಸ್ಥೆ ಇದೆ. ಅದು 21 ವರ್ಷದವರೆಗೆ, ವಿಶೇಷ ಸಂದರ್ಭದಲ್ಲಿ 23ರವರೆಗೆ. ಸಾಮಾನ್ಯ ಮಗುವಿನ ಮಟ್ಟಿಗೆ ಇದು ಸರಿಯಾದ ಯೋಚನೆ. ಆ ವಯಸ್ಸಿಗೆ ಐಟಿಐ ಮಾಡಿ, ಚಾಲನೆ ಕಲಿತು, ಡಿಗ್ರಿ ಓದಿ ತನ್ನ ಕಾಲ ಮೇಲೆ ನಿಲ್ಲಬಹುದು. ಆದರೆ ಹದಿನೆಂಟರಲ್ಲೂ ಮೂರು ವರ್ಷದ ಮಗುವಿನಷ್ಟೇ ತಿಳಿವಳಿಕೆ ಇರುವವರಿಗೆ ಹುಟ್ಟಿದ ದಿನದಂದು ಏನು ಬದಲಾಗುತ್ತದೆ? ಗೇಟಿನ ಹೊರಗೆ ಅವರು ಎಲ್ಲಿಗೆ ಹೋಗಬೇಕು? ರೈಲು ನಿಲ್ದಾಣದಿಂದ ಬಂದವರು ಮತ್ತೆ ರೈಲು ನಿಲ್ದಾಣಕ್ಕೇ ಹೋಗಬೇಕೆ?

ಪಾಪಳ್ಕರ್ ವರ್ಷಗಳಿಂದ ಕೇಳುತ್ತ ಬಂದಿರುವುದು ಇದನ್ನೇ. ದಿಕ್ಕಿಲ್ಲದ ಅಂಗವಿಕಲರು ಹದಿನೆಂಟರ ನಂತರವೂ ತಾವು ಬೆಳೆದ ಮನೆಯಲ್ಲೇ ಆಜೀವ ಉಳಿಯಲು ಅವಕಾಶ ಕೊಡುವ ಕಾನೂನು ಬೇಕು ಎಂಬುದು ಅವರ ಬೇಡಿಕೆ. ತಮ್ಮಲ್ಲಿ ಬೆಳೆದವರನ್ನು ಅವರು ಹೊರಗೆ ಕಳುಹಿಸಲಿಲ್ಲ. 123 ಮಕ್ಕಳು ಎನ್ನುತ್ತೇವಲ್ಲ, ಅವರಲ್ಲಿ ಬಹಳಷ್ಟು ಮಂದಿ ಈಗ ವಯಸ್ಕರು.

ವಯಸ್ಸು ತುಂಬಿದ ಮಾತ್ರಕ್ಕೆ ಎಲ್ಲರೂ ಸಮಾನವಾಗಿ ಸಿದ್ಧರಾಗುವುದಿಲ್ಲ ಎಂಬುದು ಹೊಸ ತಿಳಿವಳಿಕೆ ಏನಲ್ಲ. ಯತೀಮರ ಆಸ್ತಿಯನ್ನು ಅವರ ಕೈಗೆ ಒಪ್ಪಿಸುವ ವಿಷಯ ಹೇಳುವಾಗ ಕುರ್‌ಆನಿನ ಅನ್ನಿಸಾ ಅಧ್ಯಾಯವು ವಯಸ್ಸಿನ ಜೊತೆಗೆ ವಿವೇಕವನ್ನೂ ಪರೀಕ್ಷಿಸಿ ನೋಡಲು ತಿಳಿಸುತ್ತದೆ. ವಿವೇಕ ಬಾರದವರ ಊಟ, ಬಟ್ಟೆ, ಒಳ್ಳೆಯ ಮಾತು ಇವುಗಳ ಹೊಣೆಯನ್ನು ಪೋಷಕರ ಮೇಲೆಯೇ ಇಡುತ್ತದೆ.

ನಮ್ಮ ದೇಶದ ಕಾನೂನಿನಲ್ಲೂ ಒಂದು ದಾರಿ ಇದೆ. 1999ರ ನ್ಯಾಷನಲ್ ಟ್ರಸ್ಟ್ ಕಾಯ್ದೆ ಆಟಿಸಂ, ಸೆರೆಬ್ರಲ್ ಪಾಲ್ಸಿ, ಬೌದ್ಧಿಕ ವಿಕಲತೆ ಮತ್ತು ಬಹುವಿಧ ವಿಕಲತೆ ಇರುವವರಿಗಾಗಿ ಬಂದದ್ದು. ತಮ್ಮ ಕಾಲಾನಂತರ ಮಗುವಿನ ಗತಿ ಏನು ಎಂಬ ತಂದೆ ತಾಯಿಗಳ ಚಿಂತೆಯೇ ಅದರ ಬೇರು. ಪ್ರತಿ ಜಿಲ್ಲೆಯಲ್ಲೂ ಜಿಲ್ಲಾಧಿಕಾರಿಗಳು, ನೋಂದಾಯಿತ ಸಂಸ್ಥೆಯ ಒಬ್ಬ ಪ್ರತಿನಿಧಿ ಮತ್ತು ಅಂಗವೈಕಲ್ಯ ಇರುವ ಒಬ್ಬರು ಸೇರಿದ ಸ್ಥಳೀಯ ಮಟ್ಟದ ಸಮಿತಿ ಇರಬೇಕು. 18 ದಾಟಿದ ವ್ಯಕ್ತಿಗೆ ಕಾನೂನುಬದ್ಧ ಪೋಷಕರನ್ನು ನೇಮಿಸುವ ಅಧಿಕಾರ ಈ ಸಮಿತಿಗಿದೆ. ಪೋಷಕತ್ವಕ್ಕೆ ಅರ್ಜಿ ಹಾಕಲು ತಂದೆ ತಾಯಿ, ಬಂಧುಗಳು ಮಾತ್ರವಲ್ಲ, ನೋಂದಾಯಿತ ಸಂಸ್ಥೆಗೂ ಅವಕಾಶವಿದೆ. ಈ ಟ್ರಸ್ಟಿನ ನಿರಾಮಯ ಯೋಜನೆಯಲ್ಲಿ ವರ್ಷಕ್ಕೆ 1 ಲಕ್ಷ ರೂಪಾಯಿವರೆಗಿನ ಆರೋಗ್ಯ ವಿಮೆ ಸಿಗುತ್ತದೆ. ಘರೌಂದಾ ಎಂಬ ಯೋಜನೆ ವಯಸ್ಕರಿಗೆ ಆಜೀವ ವಸತಿಗಾಗಿ ಇದೆ.

ಆದರೆ ಯೋಜನೆ ಇರುವುದು ಬೇರೆ, ಮನೆ ಇರುವುದು ಬೇರೆ. ಇಂಥ ವಸತಿಗಳು ಬೇಡಿಕೆಯ ಮುಂದೆ ಏನೇನೂ ಸಾಲವು. ಇನ್ನೊಂದು ಕಷ್ಟವೂ ಇದೆ. ಪಾಪಳ್ಕರ್ ಅವರಿಗೆ ಈಗ ಎಂಬತ್ತು ದಾಟಿದೆ. ಒಬ್ಬ ಮನುಷ್ಯನ ಹೃದಯದಿಂದ ಹುಟ್ಟಿದ ಮನೆ ಆತನ ನಂತರವೂ ನಡೆಯಬೇಕಾದರೆ ಟ್ರಸ್ಟ್, ತರಬೇತಿ ಪಡೆದ ಸಿಬ್ಬಂದಿ, ಲೆಕ್ಕಪತ್ರ, ಖಾಯಂ ನಿಧಿ ಎಲ್ಲವೂ ಬೇಕು. ಒಬ್ಬರ ತ್ಯಾಗವನ್ನು ಹೊಗಳಿ ನಾವು ನಮ್ಮ ಹೊಣೆಯಿಂದ ಜಾರಿಕೊಳ್ಳುವಂತಾಗಬಾರದು.

ನಮ್ಮಿಂದ ಏನಾದೀತು?

ಮೊದಲನೆಯದು, ಮಾಹಿತಿ. ದಿಕ್ಕಿಲ್ಲದ ಮಗು ಕಂಡರೆ 1098ಕ್ಕೆ ಕರೆ ಮಾಡಿ. ಶುಲ್ಕವಿಲ್ಲ, ದಿನದ ಯಾವ ಹೊತ್ತಿಗೂ ಮಾಡಬಹುದು. ನಿಮ್ಮ ಊರಿನಲ್ಲಿ ಬೌದ್ಧಿಕ ವಿಕಲತೆಯ ಮಗು ಇರುವ ಮನೆ ಇದ್ದರೆ ಯುಡಿಐಡಿ ಕಾರ್ಡ್, ನಿರಾಮಯ, ಪೋಷಕತ್ವ ಪ್ರಮಾಣಪತ್ರಗಳ ಬಗ್ಗೆ ತಿಳಿಸಿ. ಕರ್ನಾಟಕದಲ್ಲಿ ಗ್ರಾಮ ಪಂಚಾಯಿತಿ ಮಟ್ಟದಲ್ಲಿ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರಿದ್ದಾರೆ. ಅರ್ಜಿ ತುಂಬಲು ಅವರು ನೆರವಾಗುತ್ತಾರೆ. ಜಿಲ್ಲಾ ಮಟ್ಟದಲ್ಲಿ ವಿಕಲಚೇತನರ ಕಲ್ಯಾಣಾಧಿಕಾರಿಗಳ ಕಚೇರಿ ಇದೆ. ಇಂದು ತಂದೆ ತಾಯಿ ಇರುವಾಗಲೇ ಕಾಗದಪತ್ರ ಸರಿಯಾಗಿದ್ದರೆ ನಾಳೆ ಆ ಮಗು ಬೇವಾರಸ್ ಆಗುವುದಿಲ್ಲ.

ಎರಡನೆಯದು, ಭೇಟಿಯ ಶಿಸ್ತು. ರಂಝಾನ್‌ನಲ್ಲೋ ಹುಟ್ಟುಹಬ್ಬದಂದೋ ಇಂಥ ಮನೆಗಳಿಗೆ ಹೋಗಿ ಬಿರಿಯಾನಿ ಹಂಚುವುದು ನಮ್ಮಲ್ಲಿ ರೂಢಿ. ಉದ್ದೇಶ ಒಳ್ಳೆಯದೇ. ಆದರೆ ಕೆಲವು ಮಕ್ಕಳಿಗೆ ನುಂಗುವ ತೊಂದರೆ ಇರುತ್ತದೆ, ಕೆಲವರಿಗೆ ಗದ್ದಲ ಆಗದು. ಮೊದಲು ಕೇಳಿ ಹೋಗಿ. ಅವರಿಗೆ ಆ ದಿನ ಬೇಕಾಗಿರುವುದು ಊಟಕ್ಕಿಂತ ಡೈಪರ್, ಮೂರ್ಛೆಯ ಔಷಧ, ಫಿಸಿಯೋಥೆರಪಿಯ ಖರ್ಚು ಆಗಿರಬಹುದು. ಮಕ್ಕಳ ಫೋಟೋ ತೆಗೆದು ಸ್ಟೇಟಸ್‌ಗೆ ಹಾಕಬೇಡಿ. ರಕ್ಷಣೆಯಲ್ಲಿರುವ ಮಗುವಿನ ಗುರುತು ಮಾಧ್ಯಮಗಳಲ್ಲಿ ಬಹಿರಂಗವಾಗುವುದನ್ನು ಬಾಲನ್ಯಾಯ ಕಾಯ್ದೆ ನಿಷೇಧಿಸುತ್ತದೆ. ಕಾನೂನು ಹಾಗಿರಲಿ, ನಮ್ಮ ಮನೆಯ ತಂಗಿಯ ಫೋಟೋವನ್ನು ಗುರುತಿಲ್ಲದವರು ಹಾಗೆ ಹಾಕಿದರೆ ನಾವು ಸುಮ್ಮನಿರುತ್ತೇವೆಯೇ? ಒಂದು ದಿನ ನಲವತ್ತು ಮಂದಿ ಹೋಗಿ ಬರುವುದಕ್ಕಿಂತ ಒಬ್ಬರೇ ನಲವತ್ತು ವಾರ ಹೋಗುವುದು ಆ ಮಕ್ಕಳಿಗೆ ಹೆಚ್ಚು ಉಪಯೋಗ. ಮುಖ ಗುರುತು ಹಿಡಿದು ನಗಲು ಅವರಿಗೆ ಸಮಯ ಬೇಕು.

ಮೂರನೆಯದು, ಓದು. ಪಿಯುಸಿ ಮುಗಿದ ಮೇಲೆ ಎಂಬಿಬಿಎಸ್, ಎಂಜಿನಿಯರಿಂಗ್ ಬಿಟ್ಟರೆ ಬೇರೆ ದಾರಿ ಇಲ್ಲ ಎಂದುಕೊಂಡವರು ಈ ಕಡೆಗೂ ನೋಡಬಹುದು. ಭಾರತೀಯ ಪುನರ್ವಸತಿ ಪರಿಷತ್ತಿನ ಮಾನ್ಯತೆ ಇರುವ ವಿಶೇಷ ಶಿಕ್ಷಣದ ಡಿಪ್ಲೊಮಾವನ್ನು ಪಿಯುಸಿ ನಂತರ ಮಾಡಬಹುದು. ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಲ್ಲಿ ವಿಜ್ಞಾನ ವಿದ್ಯಾರ್ಥಿಗಳಿಗೆ ಮಾತು ಮತ್ತು ಶ್ರವಣ ಚಿಕಿತ್ಸೆಯ ಪದವಿ ಇದೆ. ಆಕ್ಯುಪೇಷನಲ್ ಥೆರಪಿ, ಫಿಸಿಯೋಥೆರಪಿ, ಕ್ಲಿನಿಕಲ್ ಸೈಕಾಲಜಿ, ಸಮಾಜಕಾರ್ಯ ಇವೆಲ್ಲವೂ ಇದೇ ಮನೆಗೆ ಹೋಗುವ ಬೇರೆ ಬೇರೆ ಬಾಗಿಲುಗಳು. ಕಾನೂನು ಓದುವವರಿಗೂ ಇಲ್ಲಿ ಮುಗಿಯದಷ್ಟು ಕೆಲಸವಿದೆ: ಹದಿನೆಂಟರ ಗಡಿಯ ಪ್ರಶ್ನೆಗೆ ಇನ್ನೂ ಪೂರ್ತಿ ಉತ್ತರ ಸಿಕ್ಕಿಲ್ಲ.

ಕೊನೆಯದು, ಭಾಷೆ. ಇದಕ್ಕೆ ಹಣವೂ ಬೇಡ, ಪದವಿಯೂ ಬೇಡ. ಲೆಕ್ಕ ತಪ್ಪಿದ ಗೆಳೆಯನನ್ನು ಮಂದಬುದ್ಧಿ ಎಂದು, ಜಗಳದಲ್ಲಿ ಎದುರಾಳಿಯನ್ನು ಬೇವರ್ಸಿ ಎಂದು ಕರೆಯುವುದನ್ನು ಈ ಕ್ಯಾಂಪಸ್ಸಿನಲ್ಲಿ ನಾವು ಇಂದೇ ಬಿಡಬಹುದು. ಆ ಎರಡು ಪದಗಳನ್ನು ಹಣೆಯಲ್ಲಿ ಹೊತ್ತು ಬಂದ ಮಕ್ಕಳಿಗೆ ಒಬ್ಬ ವೃದ್ಧರು ತಮ್ಮ ಸ್ವಂತ ಹೆಸರನ್ನು ಕೊಟ್ಟರು. ನಾವು ಆ ಪದಗಳನ್ನು ಬಾಯಿಯಿಂದ ಕೆಳಗಿಳಿಸಿದರೂ ಅಷ್ಟರ ಮಟ್ಟಿಗೆ ಅವರ ಕೆಲಸದಲ್ಲಿ ಕೈಜೋಡಿಸಿದಂತೆ.